ಗಾಡಿಯ ಎತ್ತರ

ಮಲ್ಲೇಶ್ವರದ ಹದಿನೇಳನೇ ಅಡ್ಡರಸ್ತೆಯಲ್ಲಿ
ಹೊಂಗೆ ಮರದ ಬುಡಕ್ಕೆ ನಿಂತ ನಮ್ಮ ಇಸ್ತ್ರಿ ಗಾಡಿ
ತಾತನ ಅಳತೆಗೆ ಮಾಡಿಸಿದ್ದು.
ತಾತ ಮಾಚಪ್ಪ, ಐದಡಿಗೆ ಒಂದಿಂಚು ಕಮ್ಮಿ.
ಎಷ್ಟೆತ್ತರ ಇರಲಿ ಯಜಮಾನರೇ, ಕೇಳಿದನಂತೆ ಬಡಗಿ.
ತಾತ ಹೊಕ್ಕುಳ ಮುಟ್ಟಿ ತೋರಿಸಿದನಂತೆ.
ಟೇಪು ಯಾರ ಹತ್ತಿರವೂ ಇರಲಿಲ್ಲ.

ಅಪ್ಪ ಐದೂ ಮುಕ್ಕಾಲಡಿ ಬೆಳೆದ.
ಗಾಡಿ ಕೈಗೆ ಬಂದಾಗ ಹತ್ತೊಂಬತ್ತು ವಯಸ್ಸು,
ಹೆಚ್ಚಾದ ಎತ್ತರವನ್ನೆಲ್ಲ
ನಡುವಿನ ಹತ್ತಿರ ಮಡಚಿಟ್ಟುಕೊಂಡ.

ಬಾಗುವುದು ಅಂದರೆ ಇಷ್ಟೇ ಇಷ್ಟು.
ದೇವರ ಮುಂದೆ ಬಾಗುವುದಕ್ಕಿಂತ ಕಮ್ಮಿ.
ದಾರಿಹೋಕರ ಕಣ್ಣಿಗೆ, ಅಲ್ಲೊಬ್ಬ ಮನುಷ್ಯ
ಸುಮ್ಮನೆ ನಿಂತು ಬಟ್ಟೆ ತೀಡುತ್ತಿದ್ದಾನೆ.
ಬಲಗೈಯಲ್ಲಿ ಏಳು ಕೆಜಿ ಹಿತ್ತಾಳೆ ಪೆಟ್ಟಿಗೆ,
ಒಳಗೆ ನಿಗಿನಿಗಿ ಇದ್ದಿಲು,
ಎಡಗಾಲ ಮೇಲೆ ಇಡೀ ಮೈಯ ಭಾರ.
ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು:
ಪೀಜಿ ಹುಡುಗರ ಅಂಗಿ, ಗಂಜಿ ಹಾಕಿದ ಸೀರೆ,
ಸೋಮವಾರದ ಬಿಳಿ ಯೂನಿಫಾರ್ಮು.

ರಾತ್ರಿ ಊಟವಾದ ಮೇಲೆ
ಚಾಪೆಯಲ್ಲಿ ಬೋರಲು ಮಲಗಿ, ಹತ್ತು ಕೂಸೇ, ಅನ್ನುತ್ತಿದ್ದ.
ನನಗಾಗ ಆರು ವರ್ಷ. ರೇಷನ್ ಅಂಗಡಿ ತಕ್ಕಡಿಯಲ್ಲಿ
ಹದಿನಾರು ಕೆಜಿ.
ಕಿಟಕಿ ಸರಳು ಹಿಡಿದು ಅಪ್ಪನ ಬೆನ್ನ ಮೇಲೆ ನಡೆದೆ.
ಆ ಬೆನ್ನು ನನಗೆ ಹಿಮ್ಮಡಿಯಿಂದ ಗೊತ್ತು:
ಬಲಕ್ಕೆ ಒಂದು ತಗ್ಗು,
ಎಡಕ್ಕೆ ನೆನೆಯದ ಕಡಲೆಕಾಳಿನಂಥ ಗಂಟು.
ಅಲ್ಲೇ, ಅಲ್ಲೇ, ಹಾಂ.
ಒಂಬತ್ತು ತುಂಬಿದಾಗ ಅಮ್ಮ ಅಂದಳು,
ಇನ್ನು ಸಾಕು ಇಳಿ, ನೀನೀಗ ಮೂಟೆ.

ಬೆನ್ನು ಹೋದದ್ದು ಒಂದು ಮಂಗಳವಾರ.
ಯಾರದೋ ಮಗುವಿನ ಕರ್ಚೀಫು ಕೆಳಗೆ ಬಿತ್ತು,
ಎತ್ತಿಕೊಳ್ಳಲು ಬಗ್ಗಿದವನು
ಅರ್ಧಕ್ಕೇ ನಿಂತ.
ಹಣೆ ಗಾಡಿಯ ಅಂಚಿಗೆ, ಬಾಯಲ್ಲಿ ಮಾತಿಲ್ಲ,
ಪೆಟ್ಟಿಗೆಯ ಕೆಳಗೆ ತಿಳಿನೀಲಿ ಅಂಗಿ
ದೋಣಿಯಾಕಾರಕ್ಕೆ ಸುಡುತ್ತಿತ್ತು.
(ಅಂಗಿಯವರು ಒಂಬೈನೂರು ಕೇಳಿದರು.
ಕೊಟ್ಟೆವು, ಎರಡು ಕಂತಲ್ಲಿ.)

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು,
ಏನಾದ್ರೂ ಭಾರ ಎತ್ತಿದ್ರಾ?
ಅಪ್ಪ ತುಂಬ ಹೊತ್ತು ಯೋಚಿಸಿ ಹೇಳಿದ,
ಕರ್ಚೀಫು, ಸಾರ್.

ನೆಟ್ಟಗೆ ನಿಂತು ಕೆಲಸ ಮಾಡಿ, ಬರೆದುಕೊಟ್ಟರು.
ನೆಟ್ಟಗೆ ನಿಂತರೆ ಬಟ್ಟೆ ಕೈಗೆ ಎಟುಕಲ್ಲ ಸಾರ್,
ಅನ್ನುವಷ್ಟರಲ್ಲಿ ಮುಂದಿನ ಚೀಟಿ ಕೂಗಿದರು.

ಟೇಪು ನನ್ನ ಹತ್ತಿರ ಇತ್ತು, ಹೊಲಿಗೆ ಕ್ಲಾಸಿನದು.
ಅಪ್ಪನನ್ನು ಗೋಡೆಗೆ ನಿಲ್ಲಿಸಿ ಮೊಣಕೈಯಿಂದ ಅಳೆದೆ.
ಏಳಿಂಚು.
ಇಪ್ಪತ್ತೆಂಟು ವರ್ಷ ಆ ಏಳಿಂಚು
ಯಾರ ಲೆಕ್ಕದಲ್ಲೂ ಇರಲಿಲ್ಲ.
ಮೂಲೆಯ ಹಳೇ ಮನೆ ಕೆಡವುತ್ತಿದ್ದರು;
ಮೇಸ್ತ್ರಿಗೆ ಹೇಳಿ ಒಂಬತ್ತು ಇಟ್ಟಿಗೆ ತಂದೆ.
ಚಕ್ರಕ್ಕೆ ಎರಡೆರಡು.

ಮೊದಲ ದಿನ ಅಪ್ಪ
ಬೇರೆಯವರ ಗಾಡಿಯಲ್ಲಿ ಕೂಲಿಗೆ ನಿಂತವನಂತೆ ನಿಂತ.
ಮಧ್ಯಾಹ್ನ ಫೋನು ಮಾಡಿದ:
ಎದುರು ತಾರಸಿ ಮೇಲೆ ದಾಸವಾಳ ಐತೆ ಕಣಮ್ಮಿ,
ಹಳದಿದು.
ಹಾಗಂತ ಬೆನ್ನೇನೂ ನೆಟ್ಟಗಾಗಲಿಲ್ಲ.
ಬಸ್ಸಿಗೆ ಕಾಯುವಾಗಲೂ ಅಪ್ಪನ ಮುಂದೆ
ಯಾರಿಗೂ ಕಾಣದ ಗಾಡಿಯೊಂದು ನಿಂತಿರುತ್ತದೆ,
ಐದಡಿಯವನ ಹೊಕ್ಕುಳ ಎತ್ತರಕ್ಕೆ.

ಭಾನುವಾರ ತಾತ ಬಂದ.
ಗಾಡಿ ಅವನ ಎದೆಗೆ ಬಂತು.
ಒಂದು ಸುತ್ತು ಹಾಕಿ ಇಟ್ಟಿಗೆ ಎಣಿಸಿದ,
ಏನೂ ಅನ್ನಲಿಲ್ಲ.
ಉಳಿದಿದ್ದ ಒಂಬತ್ತನೆಯದನ್ನು ಕಾಲಿಂದ ತಳ್ಳಿ ತಂದು
ಅದರ ಮೇಲೆ ಹತ್ತಿ ನಿಂತು
ಎರಡು ಪಂಚೆ ತೀಡಿ ಇಳಿದ.

ಸಂಜೆ ಆ ಇಟ್ಟಿಗೆ ಎತ್ತಿಡಲು ನಾನು ಬಗ್ಗಿದೆ.
ಮಂಡಿ ಮಡಚು, ಅಂದರು
ಇಬ್ಬರೂ, ಒಂದೇ ಸಲಕ್ಕೆ.